ಫರ್ಸಿಯವರು ಕಡಲಿಗೆ ಹೋದದ್ದು

ನಮ್ಮ ಸೇಡಂ, ಚಿತ್ತಾಪುರ ಸೀಮೆಯಲ್ಲಿ ನೀರು ಅಂದರೆ ಒಂದು ಸುದ್ದಿ. ನಳಕ್ಕೆ ನೀರು ಬಂತಂತೆ, ಕಾಗಿಣಾಕ್ಕೆ ನೀರು ಬಂತಂತೆ, ಯಾರದೋ ಹೊಲದ ಬೋರಿಗೆ ನೀರು ಬಿತ್ತಂತೆ. ಎಲ್ಲವೂ ಬರುವ, ಬೀಳುವ ಸಂಗತಿಗಳೇ ಹೊರತು ಇರುವ ಸಂಗತಿ ಅಲ್ಲ. ವರ್ಷಕ್ಕೆ 750 ಮಿಲಿಮೀಟರ್ ಆಸುಪಾಸು ಮಳೆ. ಅದೂ ತೊಗರಿಗೆ ಬೇಕಾದಾಗ ಮುಖ ತೋರಿಸದೆ, ತೊಗರಿ ಹೂ ಬಿಟ್ಟಾಗ ಬಂದು ಹೂ ಉದುರಿಸಿ ಹೋಗುವ ಜಾತಿಯದು. ಇಂಥ ನೆಲದಲ್ಲಿ ಹುಟ್ಟಿದವರು, ನೀರು ಯಾರೂ ಕೇಳದೆಯೇ ಹಗಲಿರುಳು ಇರುವ, ಆದರೆ ಒಂದು ಗುಟುಕೂ ಕುಡಿಯಲು ಬಾರದ ಜಾಗವನ್ನು ನೋಡಲಿಕ್ಕೆ ರೊಕ್ಕ ಖರ್ಚು ಮಾಡಿ ಹೊರಟರೆ ಓಣಿಯವರು ಕಾರಣ ಕೇಳದೆ ಬಿಡುತ್ತಾರೆಯೇ?

"ಅಲ್ಲೇನದ?" ಅಂದರು ಬಾಜೂ ಮನೆಯ ಅತ್ತಿ.

"ಸಮುದ್ರ ಅದರೀ."

"ಹೋಗಿ ಏನ್ ಮಾಡ್ತೀರಿ?"

"ನೋಡ್ತೀವಿ."

"ನೋಡಿ?"

ಈ ಕೊನೆಯ ಪ್ರಶ್ನೆಗೆ ಪ್ರವಾಸೋದ್ಯಮ ಇಲಾಖೆಯವರೂ ಉತ್ತರ ಕೊಡಲಾರರು. ಅತ್ತಿಯವರ ಲೆಕ್ಕದಲ್ಲಿ ಮನುಷ್ಯ ಊರು ಬಿಡಬೇಕಾದರೆ ಆ ಕಡೆ ತುದಿಯಲ್ಲಿ ಒಬ್ಬ ದೇವರಾದರೂ ಇರಬೇಕು, ಒಬ್ಬ ಬೀಗರಾದರೂ ಇರಬೇಕು. ಗಾಣಗಾಪುರ ಆಗಬಹುದು, ಪಂಢರಪುರ ಆಗಬಹುದು, ತಿರುಪತಿಯಂತೂ ಆಗಲೇಬೇಕು. ನಾನು ತಡಮಾಡದೆ ಉಡುಪಿ ಕೃಷ್ಣನ ಹೆಸರು ಹೇಳಿದೆ. ಅವರ ಮುಖ ತಿಳಿಯಾಯಿತು. ಹುಂಡಿಗೆ ಹಾಕಲು ಹನ್ನೊಂದು ರೂಪಾಯಿ ಕೊಟ್ಟು, "ಅಷ್ಟ ದೂರ ಹೋಗೀರಂದ್ರ ಸಮುದ್ರನೂ ನೋಡ್ಕೊಂಡ್ ಬರ್ರಿ" ಅಂದರು.

ನಮ್ಮ ತಂಡದ ಹಿರಿಯರು ವಾಡಿಯ ಕಾಕಾ. ರೈಲ್ವೆಯಲ್ಲಿದ್ದು ರಿಟೈರಾದವರು. ವಾಡಿಯವರಿಗೆ ತಮ್ಮ ಜಂಕ್ಷನ್ ಬಗ್ಗೆ ಇರುವ ಅಭಿಮಾನ ಕಾಶಿಯವರಿಗೆ ಗಂಗೆಯ ಬಗ್ಗೆಯೂ ಇರಲಿಕ್ಕಿಲ್ಲ. ನಿಜಾಮರ ಕಾಲದಲ್ಲಿ, 1874ರಲ್ಲಿ, ಸಿಕಂದರಾಬಾದಿನ ಹಳಿ ಬಂದು ಮುಂಬೈ–ಮದ್ರಾಸ್ ದಾರಿಗೆ ಕೂಡಿದ್ದು ಅಲ್ಲಿಯೇ. ಇವತ್ತಿಗೂ ಆ ಪ್ಲಾಟ್‌ಫಾರ್ಮಿನ ಮೇಲೆ ನಿಂತರೆ ಮುಂಬೈ ಒಂದು ಕಡೆ, ಚೆನ್ನೈ ಒಂದು ಕಡೆ, ಹೈದರಾಬಾದ್ ಮತ್ತೊಂದು ಕಡೆ. ಎರಡು ಸಮುದ್ರದ ಗಾಡಿಗಳು ಕಾಕಾನ ಮೂಗಿನ ಮುಂದೆಯೇ ಇಷ್ಟು ವರ್ಷ ಹಾದುಹೋಗಿವೆ. ನಮ್ಮದೇ ರಾಜ್ಯದ ಕರಾವಳಿಗೆ ಹೋಗುತ್ತೇನೆ ಅಂದರೆ ಮಾತ್ರ ಎಲ್ಲೋ ಇಳಿದು, ಎಲ್ಲೋ ಹತ್ತಿ, ದೇಶವನ್ನೆಲ್ಲ ಸುತ್ತು ಹಾಕಬೇಕು. ಕಾಕಾ ಟೈಮ್‌ಟೇಬಲ್ ಹಿಡಿದು ಒಂದು ಸಂಜೆಯೆಲ್ಲ ಪ್ರಯತ್ನಿಸಿದರು. ಸೊಲ್ಲಾಪುರ, ಪುಣೆ, ಪನವೇಲ್ ಮೂಲಕ ಕೊಂಕಣ ರೈಲು ಹಿಡಿಯುವ ಒಂದು ಯೋಜನೆ ತಯಾರಾಯಿತು. ಅದರಲ್ಲಿ ನಾವು ಕರ್ನಾಟಕದಿಂದ ಕರ್ನಾಟಕಕ್ಕೆ ಇಡೀ ಮಹಾರಾಷ್ಟ್ರ ನೋಡಿಕೊಂಡು ಹೋಗುತ್ತಿದ್ದೆವು. ಕಡೆಗೆ ಬಹಳ ಬೇಜಾರಿನಿಂದ, ರೈಲ್ವೆಯವರು ಬಸ್ಸಿನ ಬಗ್ಗೆ ಮಾತಾಡುವಾಗಿನ ಆ ದನಿಯಲ್ಲಿ, "ಬಸ್ಸಿಗೇ ಹೋಗೋಣ ನಡೀರಿ" ಅಂದರು.

ಕಾಕಿ ಚಿಂಚೋಳಿಯವರು. ಅವರಿಗೆ ಪ್ರವಾಸ ಅಂದರೆ ಬುತ್ತಿ. ಕಡಕ್ ರೊಟ್ಟಿಯ ಎರಡು ಗಂಟು, ಶೇಂಗಾ ಹಿಂಡಿ, ಪುಂಡಿಪಲ್ಯ, ಬೇರೆ ಊರಲ್ಲಿ ಸಿಗಲಾರದೇನೋ ಎಂಬಂತೆ ಉಳ್ಳಾಗಡ್ಡಿ. ಕಡಕ್ ರೊಟ್ಟಿಯ ಗುಣ ಗೊತ್ತಲ್ಲ, ನಮ್ಮ ಹವೆಯಲ್ಲಿ ತಿಂಗಳಿಟ್ಟರೂ ಮುರಿದರೆ ಟಪ್ಪೆನ್ನುತ್ತದೆ. ಬೇಂದ್ರೆಯ ಕಾಲದಿಂದಲೂ ಇರಬಹುದು, ಅಕ್ಕಮಹಾದೇವಿಯ ಕಾಲದಿಂದಲೂ ಇರಬಹುದು, ನಮ್ಮ ಕಡೆಯ ಯಾರೇ ದೂರ ಹೊರಟರೂ ಬಗಲಲ್ಲಿ ಇದೇ ಬುತ್ತಿ ಇದ್ದಿರಬೇಕು. ಆದರೆ ಆ ಯಾರೂ ಉಡುಪಿಯ ಹವೆಗೆ ರೊಟ್ಟಿ ತಂದಿರಲಿಕ್ಕಿಲ್ಲ. ಲಾಡ್ಜಿನಲ್ಲಿ ಬುತ್ತಿ ಬಿಚ್ಚಿದ ಸಂಜೆಯೇ ರೊಟ್ಟಿ ತನ್ನ ಸ್ವಭಾವ ಬಿಟ್ಟಿತ್ತು. ಮಡಚಿದರೆ ಮಡಚಿಕೊಂಡಿತು, ಜೋತುಬಿಟ್ಟರೆ ಜೋತಿತು. ಕಾಕಿ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಯಾರಿಗೂ ಅಲ್ಲದಂತೆ, "ಇಂಥಾ ಊರಾಗ ಮಂದಿ ಹ್ಯಾಂಗ್ ಬಾಳೇ ಮಾಡ್ತಾರೋ" ಅಂದರು. ಸಮುದ್ರವನ್ನು ಅವರಿನ್ನೂ ನೋಡಿರಲಿಲ್ಲ. ಆಗಲೇ ಒಂದು ಫಿರ್ಯಾದಿ ದಾಖಲಾಗಿತ್ತು.

ರಾತ್ರಿಯ ಬಸ್ಸು, ಘಟ್ಟದ ತಿರುವು, ನಿಂಬೆಹಣ್ಣು, ಅದು ಸಾಲದೆ ಹೋದದ್ದು, ಇದನ್ನೆಲ್ಲ ಬಿಟ್ಟುಬಿಡೋಣ. ಅನುಭವಿಸಿದವರಿಗೆ ಹೇಳಬೇಕಾಗಿಲ್ಲ, ಅನುಭವಿಸದವರು ಈಗ ಊಟ ಮಾಡಿರಬಹುದು.

ಬೆವರಿನ ಬಗ್ಗೆ ಮಾತ್ರ ಒಂದು ಮಾತು. ಮೇ ತಿಂಗಳಲ್ಲಿ 43, 44 ಡಿಗ್ರಿ ಕಂಡವರು ನಾವು. ಕರಾವಳಿಯವರು 34 ಡಿಗ್ರಿಗೇ "ಎಂಥ ಸೆಕೆ ಮಾರಾಯ್ರೆ" ಎಂದು ಬೀಸಣಿಗೆ ಹುಡುಕುವುದನ್ನು ಕೇಳಿ ಮನಸ್ಸಿನಲ್ಲೇ ನಕ್ಕವರು. ಉಡುಪಿಯಲ್ಲಿ ಬಸ್ಸಿನಿಂದ ಇಳಿದ ಸ್ವಲ್ಪ ಹೊತ್ತಿನಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತು. ನಮ್ಮಲ್ಲಿ ಬಿಸಿಲು ಹೊಡೆಯುತ್ತದೆ, ಹೊಡೆದು ಸುಮ್ಮನಾಗುತ್ತದೆ. ಇಲ್ಲಿ ತಬ್ಬಿಕೊಂಡು ಬಿಡುವುದೇ ಇಲ್ಲ. ನೀರಿನ ಬರ ಇರುವ ನಾಡಿನಿಂದ ಬಂದವರ ಮೈಯಲ್ಲಿ ಇಷ್ಟು ನೀರು ದಾಸ್ತಾನಿತ್ತೇ ಎಂದು ಕಾಕಾ ಆಶ್ಚರ್ಯಪಟ್ಟರು.

ಕಾಕಾನಿಗೆ ಇನ್ನೊಂದು ರೂಢಿ. ಜಿಲ್ಲೆ ದಾಟಿದ ಕೂಡಲೇ ಹಿಂದಿ ಶುರುಮಾಡುವುದು. ಅದೂ ನಮ್ಮ ಕಡೆಯ ಹೈದರಾಬಾದಿ ಹಿಂದಿ. ಅದರಲ್ಲಿ 'ನಕ್ಕೋ', 'ಹೌ' ಇವೆರಡರಿಂದ ಸಂಸಾರದ ಎಲ್ಲ ವ್ಯವಹಾರ ಮುಗಿಯುತ್ತದೆ. ಆಟೋದವನಿಗೆ "ಮಲ್ಪೆ ಕೋ ಕಿತ್ತಾ ಲೇತೆ?" ಅಂದರು. ಅವನು ತಿರುಗಿ, ಪಾಠದ ಪುಸ್ತಕದಿಂದ ಕತ್ತರಿಸಿ ತೆಗೆದಂಥ ಕನ್ನಡದಲ್ಲಿ, "ನೀವು ಕನ್ನಡದಲ್ಲಿಯೇ ಮಾತನಾಡಬಹುದು ಸರ್, ನನಗೆ ಅರ್ಥ ಆಗ್ತದೆ" ಅಂದ. ಅವನ ಮನೆಮಾತು ತುಳು. ಕಾಕಾ ಆಮೇಲೆ ಕನ್ನಡಕ್ಕೆ ಬಂದರು. ಆಗ ಆಟೋದವನಿಗೆ ಅರ್ಥವಾಗುವುದು ಸ್ವಲ್ಪ ಕಷ್ಟವಾಯಿತು.

ಕೃಷ್ಣನ ದರ್ಶನ ಕನಕನ ಕಿಂಡಿಯಿಂದ ಆಯಿತು, ಅತ್ತಿಯ ಹನ್ನೊಂದು ರೂಪಾಯಿ ಹುಂಡಿಗೆ ಸಂದಿತು. ಆ ಕೃಷ್ಣನೂ ಕಡಲಿನಿಂದಲೇ ಬಂದವನು ಎನ್ನುವ ಐತಿಹ್ಯ ಮಲ್ಪೆಯಲ್ಲಿ ಎಲ್ಲರ ಬಾಯಲ್ಲಿದೆ. 13ನೆಯ ಶತಮಾನದ ಮಾತು. ದ್ವಾರಕೆಯ ಕಡೆಯಿಂದ ಬರುತ್ತಿದ್ದ ಹಡಗು ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿತು, ದಡದಲ್ಲಿದ್ದ ಮಧ್ವಾಚಾರ್ಯರು ತಮ್ಮ ಕಾವಿಬಟ್ಟೆ ಬೀಸಿ ದಾರಿ ತೋರಿದರು, ಕೃತಜ್ಞನಾದ ಹಡಗಿನವನಿಂದ ಅವರು ಗೋಪಿಚಂದನದ ಗಡ್ಡೆ ಕೇಳಿ ಪಡೆದರು, ಅದರೊಳಗೆ ಮೂರ್ತಿ ಇತ್ತು. ಕೃಷ್ಣ ಉಡುಪಿಗೆ ಹೋದ. ಬಲರಾಮ ಮಲ್ಪೆಯ ವಡಭಾಂಡೇಶ್ವರದಲ್ಲೇ, ಸಮುದ್ರಕ್ಕೆ ಕೂಗಳತೆಯಲ್ಲಿ ನಿಂತ. ಇದನ್ನು ಕೇಳಿ ನಾನು ತುಸು ಎದೆಯುಬ್ಬಿಸಿದೆ. ಏಕೆಂದರೆ ಮಧ್ವರ ಗ್ರಂಥಗಳಿಗೆ ಟೀಕೆ ಬರೆದು ಟೀಕಾಚಾರ್ಯರೆಂದೇ ಹೆಸರಾದ ಜಯತೀರ್ಥರ ಹೆಸರಿನಲ್ಲಿ ಜನ ಎಲ್ಲೆಲ್ಲಿಂದಲೋ ಬರುವುದು ನಮ್ಮ ಸೇಡಂ ತಾಲ್ಲೂಕಿನ ಮಳಖೇಡಕ್ಕೆ. ಕಾಗಿಣಾ ದಂಡೆಯ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷನ ರಾಜಧಾನಿ, 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನ. ಅಷ್ಟು ಹೇಳಿದ ಮೇಲೂ ದೇವಸ್ಥಾನದ ಹತ್ತಿರದ ಹೂವಿನ ಅಂಗಡಿಯವರು, "ಮಳಖೇಡವಾ? ಅದು ಸಿಮೆಂಟಿನ ಊರಲ್ವಾ?" ಅಂದರು. ಸಾವಿರ ವರ್ಷದ ರಾಜಧಾನಿಗೆ ಐವತ್ತು ಕಿಲೋ ಚೀಲ ಎಷ್ಟು ಬೇಗ ಹೆಸರು ಕಟ್ಟಿತು ನೋಡಿ.

ಮಲ್ಪೆಯ ಬಂದರು ಕರ್ನಾಟಕದ ದೊಡ್ಡ ಮೀನುಗಾರಿಕೆ ಬಂದರು. ಧಕ್ಕೆ ಅನ್ನುತ್ತಾರೆ. ಬೆಳಿಗ್ಗೆ ಬೇಗ ಹೋಗಬೇಕೆಂದು ಲಾಡ್ಜಿನವರು ಹೇಳಿದ್ದರಿಂದ ಕತ್ತಲಿರುವಾಗಲೇ ಹೋದೆವು. ದೋಣಿಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿದ್ದವು. ಒಂದರಿಂದ ಇನ್ನೊಂದಕ್ಕೆ ಹಾರುತ್ತ ನೀರು ಮುಟ್ಟದೆ ಫರ್ಲಾಂಗು ದೂರ ಹೋಗಬಹುದು, ಹುಡುಗರು ಹೋಗುತ್ತಲೇ ಇದ್ದರು. ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ, ಬೆಳ್ಳಿಯ ಪಟ್ಟಿಯಂಥ ಪಾಂಬೋಲು, ಹೆಸರು ಗೊತ್ತಿಲ್ಲದ ಇನ್ನೆಷ್ಟೋ. ಹರಾಜಿನ ಕೂಗು ತುಳುವಿನಲ್ಲಿ. ಅದು ಜಗಳವೋ ವ್ಯಾಪಾರವೋ ತಿಳಿಯದೆ ಕಾಕಾ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಕಾಲಡಿಯ ಕಾಂಕ್ರೀಟನ್ನು ಚಪ್ಪಲಿಯ ತುದಿಯಿಂದ ಒಮ್ಮೆ ಕೆರೆದು ನೋಡಿ, "ಇದು ವಾಡಿ ಸಿಮೆಂಟೇ" ಎಂದು ತೀರ್ಪು ಕೊಟ್ಟರು. ಅವರು ಹೋದಲ್ಲೆಲ್ಲ, ಹೈದರಾಬಾದಿನ ಫ್ಲೈಓವರಿನಿಂದ ತಿರುಪತಿಯ ಕ್ಯೂ ಕಾಂಪ್ಲೆಕ್ಸಿನ ತನಕ, ಇದೇ ತೀರ್ಪು.

ಮೀನು ಮಾರುವ ಮೊಗವೀರ ಹೆಂಗಸೊಬ್ಬರು ಕಾಕಿಯನ್ನು ಕರೆದರು. "ಬನ್ನಿ ಅಮ್ಮ, ತಾಜಾ ಬಂಗುಡೆ ಉಂಟು."

"ನಾವ್ ತಿನ್ನಂಗಿಲ್ಲವ್ವ."

"ತಿನ್ನುದಿಲ್ವಾ? ಮತ್ತೆ ಎಂತಕ್ಕೆ ಬಂದದ್ದು?"

"ಸುಮ್ಮ ನೋಡ್ಲಾಕ."

ಆ ಹೆಂಗಸು ಬುಟ್ಟಿಯ ಅಂಚಿಗೆ ಕೈಯಿಟ್ಟು ನಕ್ಕರು. ಆಮೇಲೆ ಇಬ್ಬರೂ ಮಾತಿಗೆ ಬಿದ್ದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ. ಜೂನ್ ಒಂದರಿಂದ ಜುಲೈ ಕೊನೆಯ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ಮೀನು ಮೊಟ್ಟೆಯಿಡುವ ಕಾಲ. ಆಗ ಒಣಮೀನಿನ ವ್ಯಾಪಾರವೇ ಗತಿ. ಶ್ರಾವಣದ ಹುಣ್ಣಿಮೆಗೆ ವಡಭಾಂಡೇಶ್ವರದಿಂದ ಹೋಗಿ ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡುತ್ತಾರೆ. ಇಷ್ಟನ್ನು ಕಾಕಿ ಸಂಗ್ರಹಿಸಿಕೊಂಡು ಬಂದು ನಮಗೆ ಹೇಳಿದರು. "ನಾವ್ ಎಳ್ಳಮಾಸಿಗಿ ಹೊಲಕ್ಕ ಚರಗ ಚೆಲ್ಲಂಗಿಲ್ಲೇನು, ಹಂಗ. ಕೊಡೋದ್ ಕೊಟ್ಟೇ ತಗೊಳ್ತಾರ." ಕಡಲಿನ ಮೇಲಿನ ಅವರ ಫಿರ್ಯಾದಿ ಅಲ್ಲಿಗೆ ಅರ್ಧ ವಾಪಸಾಯಿತು.

ಕೊಟ್ಟರೂ ಕಡಲು ಕೆಲವೊಮ್ಮೆ ಹೆಚ್ಚಿಗೆ ತೆಗೆದುಕೊಳ್ಳುತ್ತದೆ. 2018ರ ಡಿಸೆಂಬರಿನಲ್ಲಿ ಇದೇ ಧಕ್ಕೆಯಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ದೋಣಿ ಏಳು ಜನ ಮೀನುಗಾರರೊಂದಿಗೆ ಕಾಣೆಯಾಯಿತು. ಮುಳುಗಿದ ದೋಣಿಯ ಅವಶೇಷ ಮಹಾರಾಷ್ಟ್ರದ ಸಿಂಧುದುರ್ಗದ ಕಡೆ ಸಮುದ್ರದಡಿಯಲ್ಲಿ ಪತ್ತೆಯಾದದ್ದು ಮರುವರ್ಷ ಮೇ ತಿಂಗಳಲ್ಲಿ. ಟಿವಿಯಲ್ಲಿ ಆ ಸುದ್ದಿ ಬರುತ್ತಿದ್ದಾಗ ನಾವು ಸೇಡಂನಲ್ಲಿ ಚಹಾ ಕುಡಿಯುತ್ತ ನೋಡಿದ್ದೆವು. ಧಕ್ಕೆಯ ಮೇಲೆ ನಿಂತು ಅದನ್ನು ನೆನೆಯುವುದು ಬೇರೆ. ಯಾರನ್ನೂ ಕೇಳಲಿಲ್ಲ. ಕೇಳುವಂಥದ್ದೂ ಅಲ್ಲ.

ಐಸ್ ಗಡ್ಡೆ ಹೊರುತ್ತಿದ್ದ ಹುಡುಗನೊಬ್ಬ ನಮ್ಮ ಮಾತು ಕೇಳಿ ಗಕ್ಕನೆ ನಿಂತ. "ಯಾ ಊರ್ರಿ ನಿಮ್ದು?" ಚಿತ್ತಾಪುರದ ಕಡೆಯವನು, ಕಾಳಗಿ ಹತ್ತಿರದ ಹಳ್ಳಿ. ಉತ್ತರ ಕರ್ನಾಟಕದ ಎಷ್ಟು ಜನ ಕರಾವಳಿಯಲ್ಲಿ ಗಾರೆ ಕೆಲಸ, ರಸ್ತೆ ಕೆಲಸ, ಧಕ್ಕೆಯ ಕೆಲಸ ಮಾಡಿಕೊಂಡಿದ್ದಾರೆ ಎಂದು ಉಡುಪಿಯ ಯಾವ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ನಿಂತರೂ ಕಿವಿಗೇ ತಿಳಿಯುತ್ತದೆ. ಕಾಕಿ ಒಂದು ಗಂಟು ರೊಟ್ಟಿ, ಮೆತ್ತಗಾದದ್ದೇ, ಅವನ ಕೈಗಿಟ್ಟರು. ಹುಡುಗ ಅದನ್ನು ಎದೆಗೊತ್ತಿ ಹಿಡಿದ. "ಸಮುದ್ರ ಹ್ಯಾಂಗನಸ್ತದಪಾ?" ಎಂದು ಕೇಳಿದೆ. ಅವನು ಆ ಕಡೆ ಒಂದು ಸಲ ನೋಡಿ, "ಏನಿಲ್ರಿ ಅಣ್ಣಾ, ಭಾಳ್ ನೀರದ, ಅಷ್ಟೇ" ಅಂದ. ಸಮುದ್ರದ ಮೇಲೆ ಬರೆದ ಎಷ್ಟೋ ಪುಟಗಳನ್ನು ಓದಿದ್ದೇನೆ. ಇಷ್ಟು ಅಚ್ಚುಕಟ್ಟಾದ ವಿಮರ್ಶೆ ಕಂಡಿಲ್ಲ.

ಇನ್ನು ದ್ವೀಪ. ಮಲ್ಪೆಯಿಂದ ಆರೇಳು ಕಿಲೋಮೀಟರ್ ದೂರದಲ್ಲಿ ಸಾಲಾಗಿ ಇರುವ ಪುಟ್ಟ ದ್ವೀಪಗಳಿಗೆ ಸೇಂಟ್ ಮೇರೀಸ್ ದ್ವೀಪಗಳೆಂದು ಹೆಸರು. ತೋನ್ಸೆಪಾರ್ ಎಂದೂ ಕರೆಯುವುದುಂಟು. ತೆಂಗಿನ ದ್ವೀಪ, ಉತ್ತರ ದ್ವೀಪ, ದಕ್ಷಿಣ ದ್ವೀಪ ಮತ್ತು ಬಿದನೂರಿನ ಬಸಪ್ಪ ನಾಯಕ ಕೋಟೆ ಕಟ್ಟಿಸಿದ ದರಿಯಾ ಬಹಾದ್ದೂರಗಡ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು, ಶಿಲುಬೆ ನೆಟ್ಟು, ಮೇರಿಯಮ್ಮನ ಹೆಸರಿಟ್ಟು ಹೋದ ಎಂಬುದು ವಾಡಿಕೆಯ ಮಾತು. ದೋಣಿಯಲ್ಲಿ ಇದನ್ನು ಕೇಳಿದ ಕಾಕಾ, "ಇಳ್ದು ಹೋದಾಂವನ ಹೆಸರ ಐದನೂರ ವರ್ಷ ಉಳೀತದ. ನಾವು ವಾಡ್ಯಾಗ ಮೂವತ್ತು ವರ್ಷ ಗಾಡಿ ಹತ್ತಿಸಿ ಇಳಿಸೀವಿ, ಒಂದ್ ಬೆಂಚಿಗಿ ಹೆಸರಿಲ್ಲ" ಅಂದರು.

ಮಳೆಗಾಲದಲ್ಲಿ ಈ ದೋಣಿಗಳು ನಡೆಯುವುದಿಲ್ಲ. ಉಡುಪಿಯ ಕಡೆ ವರ್ಷಕ್ಕೆ 4,000 ಮಿಲಿಮೀಟರಿನ ಹತ್ತಿರ ಮಳೆ. ನಮ್ಮ ಐದು ವರ್ಷದ ಪಾಲನ್ನು ಅವರು ಒಂದೇ ವರ್ಷದಲ್ಲಿ ಉಂಡು ಕೈ ತೊಳೆಯುತ್ತಾರೆ. ಉಳಿದ ತಿಂಗಳಲ್ಲಿ ಲೈಫ್ ಜಾಕೆಟ್ ಕಟ್ಟಿಕೊಂಡು ಕೂರಬೇಕು. ಕಿತ್ತಳೆ ಬಣ್ಣದ ಆ ಕವಚದೊಳಗೆ ಇಳಕಲ್ ಸೀರೆಯ ಕಾಕಿ, ಧೋತರದ ಕಾಕಾ ಕೂತ ಚೆಂದವನ್ನು ಫೋಟೋ ತೆಗೆಯದವರು ದೋಣಿಯಲ್ಲಿ ಯಾರೂ ಉಳಿಯಲಿಲ್ಲ. ದಡ ಹಿಂದೆ ಸರಿದು, ತೆಂಗಿನ ತೋಟ ಒಂದು ಹಸಿರು ಗೆರೆಯಾದಾಗ ಕಾಕಾ ನನ್ನ ಕೈ ಹಿಡಿದುಕೊಂಡರು. ಯಾರಿಗೂ ಕಾಣದ ಹಾಗೆ, ಟವೆಲಿನ ಅಡಿಯಲ್ಲಿ.

"ಈ ನೀರಾಗ ನಮ್ಮ ಕಾಗಿಣಾ ನೀರು ಎಷ್ಟಿರಬೇಕು?" ಎಂದು ಧೈರ್ಯಕ್ಕೆ ಒಂದು ಪ್ರಶ್ನೆ ಕೇಳಿದರು.

ಒಂದು ಹನಿಯೂ ಇಲ್ಲ. ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ, ಕೃಷ್ಣೆ ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ. ಕೃಷ್ಣೆಯಂತೂ ಮಹಾಬಳೇಶ್ವರದಲ್ಲಿ, ಅರಬ್ಬೀ ಸಮುದ್ರ 64 ಕಿಲೋಮೀಟರ್ ಹತ್ತಿರ ಇರುವಾಗ ಹುಟ್ಟಿಯೂ, ಅದಕ್ಕೆ ಬೆನ್ನು ಹಾಕಿ ಸಾವಿರದ ನಾನೂರು ಕಿಲೋಮೀಟರ್ ನಡೆದು ಬೇರೆ ಸಮುದ್ರಕ್ಕೆ ಹೋಗಿ ಸೇರುತ್ತಾಳೆ. ಘಟ್ಟದ ಅಂಚು ಪಶ್ಚಿಮಕ್ಕೆ ಎತ್ತರ, ನೆಲ ಪೂರ್ವಕ್ಕೆ ಇಳಿಜಾರು, ಅದಕ್ಕೆ. "ಹಂಗಾರ ಇವ್ರ ಸಮುದ್ರಕ್ಕೂ ನಮಗೂ ಸಂಬಂಧಿಲ್ಲನು" ಎಂದು ಕಾಕಾ ಸ್ವಲ್ಪ ಮಂಕಾದರು. ನಾನು ಆಗ ಏನೂ ಹೇಳಲಿಲ್ಲ. ಹೇಳಬೇಕಾದ್ದು ದ್ವೀಪದ ಕಲ್ಲಿನ ಮೇಲಿತ್ತು.

ದ್ವೀಪದಲ್ಲಿ ಮನೆಯಿಲ್ಲ, ಜನವಿಲ್ಲ. ತೆಂಗಿನ ಮರ, ಕಾವಲಿನವರ ಸೀಟಿ, ಒಂದು ಬದಿಯಲ್ಲಿ ಮರಳಿನ ಬದಲು ಕಪ್ಪೆಚಿಪ್ಪು. ಚಿಪ್ಪೆಂದರೆ ಅಲ್ಲೊಂದು ಇಲ್ಲೊಂದಲ್ಲ, ಕಾಲಿಟ್ಟರೆ ಕರಕರ ಎನ್ನುವಷ್ಟು ರಾಶಿ. ಅದನ್ನು ದಾಟಿದರೆ ಕಲ್ಲು. ನೆಲದಿಂದ ನೇರ ಎದ್ದ ಕಂಬಗಳು, ಒಂದರ ಪಕ್ಕ ಒಂದು, ಸಂದಿಯಿಲ್ಲದ ಹಾಗೆ. ತಲೆಯ ಮೇಲೆ ನೋಡಿದರೆ ಕೆಲವಕ್ಕೆ ಐದು ಮೂಲೆ, ಹೆಚ್ಚಿನವಕ್ಕೆ ಆರು, ಅಪರೂಪಕ್ಕೆ ಏಳು. ಗೆರೆ ಎಳೆದು ಕತ್ತರಿಸಿದ ಹಾಗೆ ಅಂಚು. ಮೋಟು ಕಂಬಗಳ ಮೇಲೆ ಹುಡುಗರು ಕೂತು ಸೆಲ್ಫಿ ತೆಗೆಯುತ್ತಾರೆ, ಎತ್ತರದವುಗಳ ಬುಡಕ್ಕೆ ತೆರೆ ಬಡಿಯುತ್ತದೆ.

ಕಾಕಾ ಕಲ್ಲಿನ ನಾಡಿನವರು; ಕಲ್ಲು ಕಂಡರೆ ಮುಟ್ಟದೆ ಇರಲಾರರು. ಒಂದು ಕಂಬದ ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸಿ, "ಯಾ ಕಾರ್ಖಾನಿ ಕಟಿಂಗಪಾ ಇದು?" ಅಂದರು.

ಕಾರ್ಖಾನೆ ಇಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದಾಗ, ಒಳಗಿಂದ ಉಕ್ಕಿದ ಲಾವಾ ಇದು. ಆರುವಾಗ ಕುಗ್ಗಿತು, ಕುಗ್ಗಿದಾಗ ಬಿರಿಯಿತು. ಎಲ್ಲ ದಿಕ್ಕಿನಿಂದ ಸಮನಾಗಿ ಎಳೆದಾಗ ಬಿರುಕು ಬಹುಮಟ್ಟಿಗೆ ಆರು ಮೂಲೆಯಾಗಿ ಕೂಡಿಕೊಳ್ಳುತ್ತದೆ. ಆರುತ್ತ ಹೋದಂತೆ ಬಿರುಕೂ ಆಳಕ್ಕಿಳಿಯುತ್ತದೆ, ಕಂಬವಾಗುತ್ತದೆ. ಇದನ್ನು ಕಾಕಾನಿಗೆ ಹೇಳುವುದು ಸುಲಭವಾಯಿತು. "ಏಪ್ರಿಲ್‌ದಾಗ ನಮ್ಮ ಎರಿ ಹೊಲ ಬಿರಿತದಲ್ಲ ಕಾಕಾ, ಹಂಗ. ಅದು ನೀರು ಆರಿ ಬಿರಿತದ, ಇದು ಬೆಂಕಿ ಆರಿ ಬಿರಿದದ." ಎರೆಭೂಮಿಯ ಬಿರುಕಿನಲ್ಲಿ ಎತ್ತಿನ ಗೊರಸು ಸಿಕ್ಕದ್ದನ್ನು ಕಂಡವರಿಗೆ ಇದಕ್ಕಿಂತ ಹೆಚ್ಚಿನ ಭೂವಿಜ್ಞಾನ ಬೇಡ. ಅವರು ತಲೆಯಾಡಿಸಿದರು.

ಇಲ್ಲಿಂದ ಮುಂದಿನ ಮಾತಿಗಾಗಿಯೇ ನಾನು ಇವರನ್ನೆಲ್ಲ ಇಲ್ಲಿಯವರೆಗೆ ಕರೆತಂದದ್ದು. ನಮ್ಮ ಎರೆಮಣ್ಣಿಗೆ ತಾಯಿಯಾದ ದಖನ್ನಿನ ಕರಿಕಲ್ಲೂ ಲಾವಾನೇ, ಆದರೆ ಅದು ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅಂದರೆ ಚಿಂಚೋಳಿಯ ಗುಡ್ಡದ ಕಲ್ಲಿಗೆ ಮಲ್ಪೆಯ ದ್ವೀಪ ಅಣ್ಣನಾಗಬೇಕು. ಆದರೆ ಆ ಲಾವಾದ ಅಡಿಯಲ್ಲಿ, ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂನ ನೆಲದಲ್ಲಿ ಇರುವ ಸುಣ್ಣದ ಕಲ್ಲು ಇವೆರಡಕ್ಕೂ ಮುತ್ತಾತ. ಕಡಿಮೆಯೆಂದರೂ ಐವತ್ತು ಕೋಟಿ ವರ್ಷಕ್ಕೂ ಹಳೆಯದು. ಅದು ಲಾವಾ ಅಲ್ಲ. ಅದು ಸಮುದ್ರದ ತಳ.

"ಏನಂದಿ?" ಅಂದರು ಕಾಕಾ.

ಸಮುದ್ರದ ತಳ. ಭೂವಿಜ್ಞಾನಿಗಳು ಭೀಮಾ ಜಲಾನಯನದ ಶಿಲೆಗಳು ಎನ್ನುವುದು ಇದಕ್ಕೇ. ಒಂದು ಕಾಲಕ್ಕೆ ಅಲ್ಲಿ ಆಳವಿಲ್ಲದ ಕಡಲು ಹರಡಿತ್ತು. ಸುಣ್ಣದ ಕೆಸರು ತಳದಲ್ಲಿ ಪದರದ ಮೇಲೆ ಪದರವಾಗಿ ಕೂತು, ಗಟ್ಟಿಯಾಗಿ, ಕಲ್ಲಾಯಿತು. ಶಹಾಬಾದಿನ ಖಣಿಯಲ್ಲಿ ಹಾರಿ ಹಾಕಿ ಮೀಟಿದರೆ ಬೇಕಾದ ದಪ್ಪಕ್ಕೆ ಚಪ್ಪಟೆಯಾಗಿ ಎದ್ದು ಬರುವುದು ಆ ಪದರಗಳೇ. ಬೂದಿ ಬಣ್ಣ, ನೀಲಿ ಛಾಯೆ, ಮಾಸಿದ ಹಸಿರು, ಕೆಲವು ಕಡೆ ನಸುಗೆಂಪು. ದೇಶದ ಎಷ್ಟೋ ರೈಲ್ವೆ ಸ್ಟೇಷನ್ನುಗಳ ನೆಲ, ನಮ್ಮ ಕಡೆಯಂತೂ ಮನೆಯ ನೆಲ, ಛಾವಣಿ, ಬಾವಿಕಟ್ಟೆ, ಬಚ್ಚಲು, ಬಟ್ಟೆ ಒಗೆಯುವ ಬಂಡೆ, ಹೊಲದ ಬೇಲಿ ಎಲ್ಲವೂ ಇದೇ ಫರ್ಸಿ. ಅದೇ ಕಲ್ಲನ್ನು ಸುಟ್ಟು ಪುಡಿಮಾಡಿದರೆ ಸಿಮೆಂಟು; ಶಹಾಬಾದಿನಲ್ಲಿ ಆ ಕಸುಬು ನೂರು ವರ್ಷದ್ದು. ಧಕ್ಕೆಯ ಕಾಂಕ್ರೀಟಿನ ಬಗ್ಗೆ ಕಾಕಾ ಕೊಟ್ಟ ತೀರ್ಪು ನಿಜವಾಗಿದ್ದರೆ, ಒಂದು ಸಮುದ್ರದ ತಳವನ್ನು ಚೀಲದಲ್ಲಿ ತುಂಬಿ ತಂದು ಇನ್ನೊಂದು ಸಮುದ್ರಕ್ಕೆ ಕಟ್ಟೆ ಕಟ್ಟಿದಂತಾಯಿತು.

ಒಂದೇ ವ್ಯತ್ಯಾಸ. ನಮ್ಮ ಕಡಲಿನ ತಳದಲ್ಲಿ ಒಂದೂ ಕಪ್ಪೆಚಿಪ್ಪು ಸಿಗುವುದಿಲ್ಲ. ಯಾರೂ ಆಯ್ದುಕೊಂಡು ಹೋದದ್ದಲ್ಲ. ಚಿಪ್ಪು ಕಟ್ಟಿಕೊಳ್ಳುವ ಪ್ರಾಣಿ ಆಗಿನ್ನೂ ಭೂಮಿಯ ಮೇಲೆ ಹುಟ್ಟಿರಲಿಲ್ಲ. ಮೀನು ಇಲ್ಲ, ಬಲೆಯಿಲ್ಲ, ಹರಾಜಿಲ್ಲ, ದಡದಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ.

ಕಾಕಿ ಇದನ್ನೆಲ್ಲ ಕೇಳುತ್ತ ಚಿಪ್ಪುಗಳ ರಾಶಿಯ ಮೇಲೆ ಕೂತಿದ್ದರು. "ಅಂದ್ರ ನಾ ದಿನಾ ಸಾರ್ಸೂದು ಸಮುದ್ರದ ತಳಾನ?" ಎಂದು ಕೇಳಿ, ಸ್ವಲ್ಪ ಹೊತ್ತು ಯೋಚಿಸಿ, "ಅದ್ಕೇ ಎಷ್ಟ್ ಒರಸಿದ್ರೂ ಹಸಿ ಆರಂಗಿಲ್ಲ ಮಳಿಗಾಲದಾಗ" ಅಂದರು. ವಿಜ್ಞಾನಕ್ಕೆ ಒಪ್ಪಿಗೆಯಾಗದೆ ಇರಬಹುದು, ಗೃಹಕೃತ್ಯಕ್ಕೆ ಒಪ್ಪಿಗೆಯಾಯಿತು. ಆದರೂ ಅವರ ಓಟು ಬದಲಾಗಲಿಲ್ಲ. ಇಂಥ ದೊಡ್ಡ ಉಪ್ಪುನೀರಿಗಿಂತ ತವರಿನ ಚಂದ್ರಂಪಳ್ಳಿ ಡ್ಯಾಮೇ ಮೇಲು. ಸುತ್ತ ಕಾಡು, 2011ರಿಂದ ವನ್ಯಧಾಮ ಬೇರೆ ಆಗಿದೆ, ನೀರು ಬೊಗಸೆಯಲ್ಲಿ ಎತ್ತಿ ಕುಡಿಯಬಹುದು. ಕುಡಿಯಲಾಗದ ನೀರಿಗೆ ಎಷ್ಟು ಹೊಗಳಿಕೆ ಅಂತ ಅವರ ಪ್ರಶ್ನೆ. ಕಾಕಾ ಮಾತ್ರ ಮರಳುವ ದೋಣಿಯಲ್ಲಿ ಬೇರೆಯೇ ಮನುಷ್ಯ. ನನ್ನ ಕೈ ಹಿಡಿಯಲಿಲ್ಲ. ಪಕ್ಕದಲ್ಲಿದ್ದ ಬೆಂಗಳೂರಿನ ದಂಪತಿಗೆ, ಹಿಂದಿಯಲ್ಲಿ, ತಾವೂ ಸಮುದ್ರದ ಊರಿನವರೇ ಎಂದು ಪರಿಚಯ ಹೇಳಿಕೊಂಡರು. "ಯಾವ ಬೀಚ್ ಅಂಕಲ್?" ಎಂದು ಆಕೆ ಕೇಳಿದಳು. "ವಾಡಿ" ಅಂದರು.

ಊರಿಗೆ ಬಂದ ಮೇಲೆ ಒಂದು ಭಾನುವಾರ ಶಹಾಬಾದಿನ ಕಡೆ ಹೋಗಿದ್ದೆ. ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳಲ್ಲಿ ಮಳೆನೀರು ನಿಂತಿದೆ. ಗೆರೆ ಹೊಡೆದ ಹಾಗೆ ಪದರ ಕಾಣುವ ಗೋಡೆ, ಕೆಳಗೆ ಹಸಿರು ನೀರು, ನೀರಿನ ನಡುವೆ ತೆಗೆಯದೆ ಬಿಟ್ಟ ಕಲ್ಲಿನ ತುಂಡುಗಳು, ಅವುಗಳ ಮೇಲೆ ಒಂದೊಂದು ಜಾಲಿಗಿಡ. ದ್ವೀಪ ಬೇಕೆಂದರೆ ಅಲ್ಲೂ ಇವೆ. ಆದರೆ ದಂಡೆಯುದ್ದಕ್ಕೂ ಪಾಲಿಶ್ ಮಷಿನ್ನಿನ ಬಿಳಿ ರಾಡಿ, ಒಡೆದ ಚೂರು, ಊರಿನ ಕಸ. ಇನ್ನಷ್ಟು ವರ್ಷಕ್ಕೆ ತುಂಬಿ ಸಮವಾಗುತ್ತವೆ.

ಮಲ್ಪೆಯ ಕಂಬಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಕರ್ನಾಟಕದ ಪಟ್ಟಿಯಲ್ಲಿ ಬೆಂಗಳೂರಿನ ಲಾಲ್‌ಬಾಗ್ ಬಂಡೆಯಿದೆ, ಚಿತ್ರದುರ್ಗದ ಕಡೆಯ ಮರಡಿಹಳ್ಳಿಯಿದೆ, ಕೋಲಾರದ ಚಿನ್ನದ ಗಣಿಯ ಪ್ರದೇಶವಿದೆ. ನಮ್ಮ ಕಡೆಯ ಒಂದೂ ಇಲ್ಲ. ಸ್ಮಾರಕದ ಪಟ್ಟ ದೊಡ್ಡ ಮಾತು, ಅದು ದಿಲ್ಲಿ, ಕೋಲ್ಕತ್ತದಲ್ಲಿ ತೀರ್ಮಾನವಾಗುವಂಥದ್ದು. ಶಹಾಬಾದ್, ಸೇಡಂ, ಚಿತ್ತಾಪುರದ ನಗರಸಭೆ, ಪುರಸಭೆ, ತಾಲ್ಲೂಕು ಕಚೇರಿಗಳಲ್ಲಿ ಇದನ್ನು ಓದುವವರು ಯಾರಾದರೂ ಇದ್ದರೆ ನನ್ನ ಬೇಡಿಕೆ ಅಷ್ಟು ದೊಡ್ಡದಲ್ಲ. ಒಂದೇ ಒಂದು ಹಳೆಯ ಖಣಿಯ ಗೋಡೆಯನ್ನು ಕಸ ತುಂಬದೆ ಬಿಡಿಸಿ, ಸುತ್ತ ಬೇಲಿ ಹಾಕಿಸಿ, ಶಾಲೆಯ ಮಕ್ಕಳು ನಿಂತು ಓದುವ ಹಾಗೆ ಒಂದು ಫಲಕ ನೆಡಿಸಿ: ಇಲ್ಲಿ ಸಮುದ್ರ ಇತ್ತು. ಫಲಕಕ್ಕೆ ಕಲ್ಲು ಹೊರಗಿಂದ ತರಿಸುವ ಖರ್ಚಿಲ್ಲ.